ಯಾವ ಮಾತ್ರೆ ಮೇಲು?

ಪಕ್ಕಪಕ್ಕದ ಎರಡು ಊರುಗಳಲ್ಲಿ ಇಬ್ಬರು ರೈತರು ಎರಡು ಬಗೆಯ ರಾಗಿಯನ್ನು ಬಿತ್ತಿದರೆಂದು ಭಾವಿಸೋಣ. ಮೊದಲನೆಯವನಿಗೆ ಎಕರೆಗೆ ಹತ್ತು ಮೂಟೆ ಬೆಳೆ ಬಂದಿತು; ಎರಡನೆಯವನಿಗೆ ಏಳೇ ಮೂಟೆ. ಇಷ್ಟನ್ನು ಕೇಳಿದ ಮಾತ್ರಕ್ಕೆ ಮೊದಲನೆಯ ಬಿತ್ತನೆಯೇ ಮೇಲೆಂದು ತೀರ್ಮಾನಿಸಬಹುದೆ? ಅನುಭವಸ್ಥನಾದ ಯಾವ ರೈತನೂ ಹಾಗೆ ತೀರ್ಮಾನಿಸಲಾರ. ಮಣ್ಣು ಎಂತಹುದು, ಮಳೆ ಎಷ್ಟು ಬಂದಿತು, ಗೊಬ್ಬರ ಹಾಕಿದ್ದರೆ, ಹಿಂದಿನ ವರ್ಷ ಅಲ್ಲಿ ಏನನ್ನು ಬೆಳೆದಿದ್ದರು ಎಂದು ಆತ ಮೊದಲು ವಿಚಾರಿಸುತ್ತಾನೆ. ಎರಡು ಬಿತ್ತನೆಗಳನ್ನೂ ಒಂದೇ ಹೊಲದಲ್ಲಿ, ಒಂದೇ ಮಳೆಯಲ್ಲಿ ಬೆಳೆದು ನೋಡಿದ ಹೊರತು ಆತನಿಗೆ ಸಮಾಧಾನವಿಲ್ಲ.

ಹೊಲದ ವಿಷಯದಲ್ಲಿ ಇಷ್ಟು ಸುಲಭವಾಗಿ ಹೊಳೆಯುವ ಈ ವಿವೇಕ ಔಷಧಗಳ ವಿಷಯದಲ್ಲಿ ನಮಗೆ ಮರೆತುಹೋಗುವುದುಂಟು. ಒಂದು ಮಾತ್ರೆ ರೋಗದ ಹಾವಳಿಯನ್ನು ಶೇಕಡ 58ರಷ್ಟು ತಗ್ಗಿಸಿತು, ಇನ್ನೊಂದು ಶೇಕಡ 31ರಷ್ಟು ಮಾತ್ರ ತಗ್ಗಿಸಿತು ಎಂದು ಓದಿದೊಡನೆ ಮೊದಲನೆಯದೇ ಮೇಲೆಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಈ ಎರಡು ಅಂಕಿಗಳು ಕಲ್ಪಿತವಾದುವಲ್ಲ. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗಕ್ಕೆ ಬಾಯಿಯ ಮೂಲಕ ಕೊಡುವ ಎರಡು ಔಷಧಗಳ ಪರೀಕ್ಷೆಗಳಿಂದ ಬಂದುವು. ಇಂತಹ ನಾಲ್ಕು ಔಷಧಗಳನ್ನು ಉದಾಹರಣೆಯಾಗಿ ತೆಗೆದುಕೊಂಡು, ಔಷಧವನ್ನು ತೂಗುವ ತಕ್ಕಡಿ ಹೇಗಿರಬೇಕೆಂಬುದನ್ನು ನಾವು ಈ ಲೇಖನದಲ್ಲಿ ವಿಚಾರಮಾಡೋಣ. ಇದು ಬರಿಯ ಲೆಕ್ಕದ ವಿನೋದವಲ್ಲ. ಈ ರೋಗ ಹೆಚ್ಚಾಗಿ ಆರಂಭವಾಗುವುದು 20ರಿಂದ 40 ವರ್ಷದ ಪ್ರಾಯದಲ್ಲಿ. ಚಿಕಿತ್ಸೆ ಹಲವು ವರ್ಷಗಳ ಕಾಲ ನಡೆಯಬೇಕಾಗುವುದು. ತೂಕ ತಪ್ಪಿದರೆ ಅದರ ಬೆಲೆಯನ್ನು ತೆರಬೇಕಾದವರು ಆ ತರುಣ ತರುಣಿಯರೇ.

ರೋಗದ ಸ್ವರೂಪ

ನಮ್ಮ ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಸುದ್ದಿಯನ್ನು ಸಾಗಿಸುವ ನರತಂತುಗಳಿವೆ. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ಈ ತಂತುಗಳಲ್ಲಿ ಬಹಳವುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನಂಶದ ಪೊರೆಯಿರುತ್ತದೆ. ಪೊರೆಯಿರುವ ತಂತುವಿನಲ್ಲಿ ಸುದ್ದಿ ಅತಿ ವೇಗವಾಗಿ ಓಡುವುದು. ಪೊರೆ ಹರಿದಲ್ಲಿ ಅದು ತಡವರಿಸುವುದು, ಇಲ್ಲವೆ ನಿಂತೇಹೋಗುವುದು.

ಹೊರಗಿನಿಂದ ಬಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆಂದು ನಮ್ಮ ರಕ್ತದಲ್ಲಿ ಲಿಂಫೋಸೈಟುಗಳೆಂಬ ಬಿಳಿಯ ಕಣಗಳಿವೆ. ಮಲ್ಟಿಪಲ್ ಸ್ಕ್ಲೀರೋಸಿಸ್‌ನಲ್ಲಿ ಈ ಕಾವಲುಗಾರರೇ ದಾರಿತಪ್ಪಿ ಮನೆಯವರ ಮೇಲೆ ಕೈಮಾಡುತ್ತಾರೆ. ಅವು ಮಿದುಳನ್ನು ಹೊಕ್ಕು ಮಯಲಿನ್ ಪೊರೆಯನ್ನು ಅಲ್ಲಲ್ಲಿ ನಾಶಮಾಡುವುವು. ಅಂತಹ ಜಾಗಗಳು ಕಾಲಕ್ರಮದಲ್ಲಿ ಕಲೆಗಟ್ಟಿ ಗಡಸಾಗುವುವು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ಷಾರ್ಕೋ ಎಂಬ ಪ್ರಸಿದ್ಧ ವೈದ್ಯನು 1868ರಲ್ಲಿ ರೋಗಿಗಳ ಲಕ್ಷಣಗಳನ್ನೂ, ಅವರು ಸತ್ತ ಮೇಲೆ ಮಿದುಳಿನಲ್ಲಿ ಕಂಡ ಈ ಕಲೆಗಳನ್ನೂ ಜೋಡಿಸಿ, ಇದೊಂದು ಪ್ರತ್ಯೇಕವಾದ ರೋಗವೆಂದು ತೋರಿಸಿಕೊಟ್ಟನು. ರೋಗದ ಹೆಸರಿನ ಅರ್ಥವೇ 'ಹಲವು ಕಡೆಗಳಲ್ಲಿ ಗಡಸುಗಟ್ಟುವುದು' ಎಂದು.

ರೋಗಿಗಳಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ರೋಗ ಅಲೆಯಲೆಯಾಗಿ ಬರುವುದು. ಒಂದು ದಿನ ಒಂದು ಕಣ್ಣು ಮಸುಕಾಗುತ್ತದೆ, ಅಥವಾ ಕಾಲು ಜೋಮುಹಿಡಿದಂತಾಗಿ ನಡಿಗೆ ತಪ್ಪುತ್ತದೆ. ಕೆಲವು ವಾರ ಕಳೆದ ಮೇಲೆ ತೊಂದರೆ ಪೂರ್ತಿಯಾಗಿಯೋ ಅರೆಯಾಗಿಯೋ ಇಳಿಯುತ್ತದೆ. ತಿಂಗಳುಗಳ ಅಥವಾ ವರ್ಷಗಳ ತರುವಾಯ ಮತ್ತೊಂದು ಅಲೆ ಬರುತ್ತದೆ. ಇದನ್ನು ನಾವು 'ಮರುಕಳಿಕೆ' ಎಂದು ಕರೆಯೋಣ. ಅಲೆಯ ತರುವಾಯ ಉಳಿದುಹೋದ ಊನಗಳು ಕೂಡುತ್ತ ಹೋದಂತೆ ಮನುಷ್ಯ ಕೋಲು ಹಿಡಿಯಬೇಕಾಗಬಹುದು, ಮುಂದೆ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಗಬಹುದು. ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ದೊರೆತಿಲ್ಲ. ಮರುಕಳಿಕೆಗಳನ್ನು ಕಡಮೆಮಾಡುವ ಔಷಧಗಳು ದೊರೆತಿವೆ.

ಸೂಜಿಯಿಂದ ಮಾತ್ರೆಗೆ

ಮೊದಲು ದೊರೆತುವೆಲ್ಲ ಸೂಜಿಮದ್ದುಗಳು. 1993ರಲ್ಲಿ ಇಂಟರ್‌ಫೆರಾನ್ ಬೀಟಾ, 1996ರಲ್ಲಿ ಗ್ಲಾಟಿರಾಮರ್ ಅಸಿಟೇಟ್ ಅಮೆರಿಕದಲ್ಲಿ ಬಳಕೆಗೆ ಬಂದುವು. ವರ್ಷಗಟ್ಟಲೆ ತಮ್ಮ ಮೈಗೆ ತಾವೇ ಸೂಜಿ ಚುಚ್ಚಿಕೊಳ್ಳುವುದು ರೋಗಿಗಳಿಗೆ ಬೇಸರದ ಕೆಲಸ. ಆದುದರಿಂದ ನುಂಗುವ ಔಷಧಕ್ಕಾಗಿ ಹುಡುಕಾಟ ನಡೆಯಿತು. ಹೀಗೆ ಬಂದ ನಾಲ್ಕು ಔಷಧಗಳ ಹುಟ್ಟು ಸ್ವಾರಸ್ಯವಾಗಿದೆ.

ಫಿಂಗೊಲಿಮಾಡ್ ಔಷಧದ ಮೂಲ ಒಂದು ಶಿಲೀಂಧ್ರ. ಕೀಟಗಳ ಮೈಮೇಲೆ ಬೆಳೆಯುವ ಈ ಬಗೆಯ ಬೂಷ್ಟುಗಳು ಚೀನಾದ ಪುರಾತನ ವೈದ್ಯದಲ್ಲಿ ಬಳಕೆಯಲ್ಲಿದ್ದುವು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಫುಜಿಟಾ ಮತ್ತು ಅವರ ಸಂಗಡಿಗರು ಅಂತಹ ಒಂದು ಶಿಲೀಂಧ್ರದಿಂದ ಪಡೆದ ವಸ್ತುವನ್ನು ಮಾರ್ಪಡಿಸಿ ಇದನ್ನು ತಯಾರಿಸಿದರು. ಇದು ಲಿಂಫೋಸೈಟುಗಳನ್ನು ಕೊಲ್ಲುವುದಿಲ್ಲ. ದುಗ್ಧಗ್ರಂಥಿಗಳಿಂದ ಹೊರಬರುವ ಬಾಗಿಲನ್ನು ಅವುಗಳ ಪಾಲಿಗೆ ಮುಚ್ಚುತ್ತದೆ. ಇದು 2010ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಪಡೆದ ಮೊದಲನೆಯ ಬಾಯಿಮದ್ದಾಯಿತು. ಟೆರಿಫ್ಲೂನೊಮೈಡ್ ಎಂಬುದು ಕೀಲುವಾತಕ್ಕೆ ಮೊದಲಿನಿಂದ ಕೊಡುತ್ತಿದ್ದ ಲೆಫ್ಲೂನೊಮೈಡ್ ನಮ್ಮ ದೇಹದಲ್ಲಿ ಮಾರ್ಪಟ್ಟಾಗ ಉಂಟಾಗುವ ವಸ್ತು. ಬೇಗಬೇಗ ಇಬ್ಭಾಗವಾಗುವ ಲಿಂಫೋಸೈಟುಗಳಿಗೆ ಬೇಕಾದ ಕಚ್ಚಾಸಾಮಗ್ರಿಯ ತಯಾರಿಕೆಯನ್ನು ಇದು ತಡೆಯುವುದು. ಡೈಮೀಥೈಲ್ ಫ್ಯೂಮರೇಟ್ ಜರ್ಮನಿಯಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಬಳಸುತ್ತಿದ್ದ ಫ್ಯೂಮರಿಕ್ ಆಮ್ಲದ ಬಳಗಕ್ಕೆ ಸೇರಿದುದು. ಕ್ಲಾಡ್ರಿಬೀನ್ ಮೊದಲು ಬಂದುದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ. ಇದು ಲಿಂಫೋಸೈಟುಗಳ ಸಂಖ್ಯೆಯನ್ನೇ ಇಳಿಸುತ್ತದೆ. ಉಳಿದ ಮೂರನ್ನು ದಿನವೂ ಸೇವಿಸಬೇಕು. ಇದನ್ನಾದರೋ ಎರಡು ವರ್ಷಗಳಲ್ಲಿ ಒಟ್ಟು ಇಪ್ಪತ್ತು ದಿನಗಳನ್ನು ಮೀರದಂತೆ ನುಂಗಿದರೆ ಸಾಕು.

ನಾಲ್ಕು ಮಾತ್ರೆಗಳು, ನಾಲ್ಕು ದಾರಿಗಳು. ಹೀಗಿರಲು ಯಾವುದು ಮೇಲೆಂದು ತಿಳಿಯುವ ಬಗೆ ಹೇಗೆ?

ಪರೀಕ್ಷೆಯ ಕ್ರಮ

ಲೇಖನದ ಮೊದಲಿನ ರಾಗಿಯ ಹೊಲಕ್ಕೂ ಔಷಧದ ಪರೀಕ್ಷೆಗೂ ನಿಜವಾದ ನಂಟಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿದ್ದ ಫಿಷರ್ ಎಂಬ ಗಣಿತಜ್ಞನು 1920ರ ದಶಕದಲ್ಲಿ, ಯಾವ ಪಾತಿಗೆ ಯಾವ ಗೊಬ್ಬರವೆಂಬುದನ್ನು ಮನುಷ್ಯನು ಆರಿಸದೆ ಚೀಟಿಯೆತ್ತಿದಂತೆ ನಿಶ್ಚಯಿಸಬೇಕೆಂದು ಪ್ರತಿಪಾದಿಸಿದನು. ಹಾಗೆ ಮಾಡಿದರೆ ಮಣ್ಣಿನ ಒಳ್ಳೆಯದು ಕೆಟ್ಟದ್ದೆಲ್ಲ ಎರಡು ಕಡೆಗೂ ಸರಿಸುಮಾರಾಗಿ ಹಂಚಿಹೋಗುವುದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯವರು ಬ್ರಾಡ್‌ಫರ್ಡ್ ಹಿಲ್ಲರ ಸಲಹೆಯಂತೆ ಇದೇ ತತ್ತ್ವವನ್ನು ಕ್ಷಯರೋಗಿಗಳ ವಿಷಯದಲ್ಲಿ ಅನುಸರಿಸಿದರು. ಸ್ಟ್ರೆಪ್ಟೊಮೈಸಿನ್ನಿನ ಆ ಪರೀಕ್ಷೆಯ ಫಲ 1948ರಲ್ಲಿ ಪ್ರಕಟವಾಯಿತು. ಇಂದಿನ ಪರೀಕ್ಷೆಗಳಿಗೆ ಅದೇ ಮಾದರಿ.

ಔಷಧವಿಲ್ಲದ, ಆದರೆ ನೋಡುವುದಕ್ಕೆ ಔಷಧದಂತೆಯೇ ಇರುವ ಮಾತ್ರೆಯನ್ನು 'ಹುಸಿಮಾತ್ರೆ' ಎನ್ನೋಣ. ಚೀಟಿ ಬಂದಂತೆ ಕೆಲವರಿಗೆ ಔಷಧ, ಕೆಲವರಿಗೆ ಹುಸಿಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ನೋಡುವ ವೈದ್ಯನಿಗೂ ತಿಳಿಯದು. ತಿಳಿದರೆ ಆಸೆಯೂ ಅನುಮಾನವೂ ತೀರ್ಪಿನಲ್ಲಿ ಬೆರೆಯುವುವು. ಡೈಮೀಥೈಲ್ ಫ್ಯೂಮರೇಟ್ ಸೇವಿಸಿದವರ ಮುಖ ಅನೇಕ ವೇಳೆ ಕೆಂಪೇರಿ ಬಿಸಿಯಾಗುತ್ತದೆ; ಫಿಂಗೊಲಿಮಾಡಿನ ಮೊದಲನೆಯ ಗುಳಿಗೆ ನಾಡಿಯನ್ನು ನಿಧಾನಗೊಳಿಸುತ್ತದೆ. ಇಂತಹ ಗುರುತುಗಳಿಂದ ಗುಟ್ಟು ಬಯಲಾಗದಿರಲೆಂದು ಚಿಕಿತ್ಸೆ ನಡೆಸುವ ವೈದ್ಯನೇ ಬೇರೆ, ರೋಗಿಯ ಸ್ಥಿತಿಯನ್ನು ಅಳೆಯುವ ವೈದ್ಯನೇ ಬೇರೆ ಎಂಬ ಏರ್ಪಾಡನ್ನು ಮಾಡುತ್ತಾರೆ.

ಕೊನೆಗೆ ಎಣಿಸುವುದೇನು? ಒಟ್ಟು ಮರುಕಳಿಕೆಗಳನ್ನು, ರೋಗಿಗಳು ಪರೀಕ್ಷೆಯಲ್ಲಿದ್ದ ಒಟ್ಟು ವರ್ಷಗಳಿಂದ ಭಾಗಿಸಿದರೆ 'ವಾರ್ಷಿಕ ಮರುಕಳಿಕೆಯ ದರ' ಬರುತ್ತದೆ. ಈ ದರ 0.40 ಎಂದರೆ ನೂರು ಮಂದಿಯಲ್ಲಿ ಒಂದು ವರ್ಷಕ್ಕೆ 40 ಮರುಕಳಿಕೆಗಳಾದುವೆಂದು ಅರ್ಥ.

ನಾಲ್ಕು ಪರೀಕ್ಷೆಗಳ ಫಲ

ಒಂದೊಂದು ಮಾತ್ರೆಗೂ ಸಾವಿರಕ್ಕೆ ಮೀರಿದ ರೋಗಿಗಳನ್ನೊಳಗೊಂಡ, ಹೆಚ್ಚುಕಡಮೆ ಎರಡು ವರ್ಷ ನಡೆದ ಒಂದೊಂದು ದೊಡ್ಡ ಪರೀಕ್ಷೆಯನ್ನು ತೆಗೆದುಕೊಳ್ಳೋಣ. ಮುಂದೆ ಬಳಕೆಗೆ ಬಂದ ಪ್ರಮಾಣಗಳಲ್ಲಿ ದೊರೆತ ದರಗಳು ಹೀಗಿವೆ:

ಫಿಂಗೊಲಿಮಾಡ್ ('ಫ್ರೀಡಮ್ಸ್' ಪರೀಕ್ಷೆ, 2010): ಹುಸಿಮಾತ್ರೆ 0.40, ಔಷಧ 0.18.
ಕ್ಲಾಡ್ರಿಬೀನ್ ('ಕ್ಲಾರಿಟಿ' ಪರೀಕ್ಷೆ, 2010): ಹುಸಿಮಾತ್ರೆ 0.33, ಔಷಧ 0.14.
ಟೆರಿಫ್ಲೂನೊಮೈಡ್ ('ಟೆಮ್ಸೊ' ಪರೀಕ್ಷೆ, 2011): ಹುಸಿಮಾತ್ರೆ 0.54, ಔಷಧ 0.37.
ಡೈಮೀಥೈಲ್ ಫ್ಯೂಮರೇಟ್ ('ಡಿಫೈನ್' ಪರೀಕ್ಷೆ, 2012): ಹುಸಿಮಾತ್ರೆ 0.36, ಔಷಧ 0.17.

ನಾಲ್ಕೂ ಔಷಧಗಳು ಹುಸಿಮಾತ್ರೆಗಿಂತ ಮೇಲೆಂಬುದು ಇಲ್ಲಿ ಸ್ಪಷ್ಟವಾಗಿದೆ. ಪ್ರತಿಯೊಂದು ಸಾಲೂ ತನ್ನಷ್ಟಕ್ಕೆ ಒಂದೇ ಹೊಲದಲ್ಲಿ ಬೆಳೆದ ಎರಡು ಬೆಳೆಗಳ ಹೋಲಿಕೆ, ಅದನ್ನು ನಂಬಬಹುದು. ತೊಡಕು ಬರುವುದು ಒಂದು ಸಾಲಿನ ಅಂಕಿಯನ್ನು ಮತ್ತೊಂದು ಸಾಲಿನ ಅಂಕಿಯ ಪಕ್ಕದಲ್ಲಿಟ್ಟಾಗ.

ಔಷಧದ ಅಂಕಿಗಳನ್ನು ಬಿಟ್ಟು ಹುಸಿಮಾತ್ರೆಯ ಅಂಕಿಗಳನ್ನು ನೋಡಿರಿ. ನಾಲ್ಕರಲ್ಲಿಯೂ ರೋಗಿಗಳು ನುಂಗಿದುದು ಔಷಧವಿಲ್ಲದ ಮಾತ್ರೆ. ಆದರೂ ಒಂದೆಡೆ ದರ 0.33, ಮತ್ತೊಂದೆಡೆ 0.54. ಕ್ಲಾರಿಟಿಯ ಹುಸಿಮಾತ್ರೆಯಲ್ಲಿ ಟೆಮ್ಸೊದ ಹುಸಿಮಾತ್ರೆಗಿಂತ ಹೆಚ್ಚಿನ ಗುಣವಿತ್ತೆಂದು ಯಾರಾದರೂ ಹೇಳಿಯಾರೆ? ಇನ್ನೂ ವಿಚಿತ್ರವೊಂದಿದೆ. ಟೆಮ್ಸೊದಲ್ಲಿ ನಿಜವಾದ ಔಷಧವನ್ನು ಸೇವಿಸಿದವರ ದರ 0.37. ಕ್ಲಾರಿಟಿಯಲ್ಲಿ ಏನೂ ಔಷಧವಿಲ್ಲದೆ ಇದ್ದವರ ದರ 0.33. ಸಾಲು ದಾಟಿ ಹೋಲಿಸುವುದು ಸರಿಯಾದರೆ ಟೆರಿಫ್ಲೂನೊಮೈಡಿಗಿಂತ ಹುಸಿಮಾತ್ರೆಯೇ ಮೇಲೆಂದು ಒಪ್ಪಬೇಕಾಗುವುದು! ಹೀಗೆ ಅಸಂಬದ್ಧವಾದ ತೀರ್ಮಾನಕ್ಕೆ ಕರೆದೊಯ್ಯುವ ದಾರಿ ಸರಿಯಾದ ದಾರಿಯಾಗಿರಲಾರದು.

ಹೊಲಗಳು ಬೇರೆಯಾದುದೇ ಇದಕ್ಕೆ ಕಾರಣ. ಒಂದು ಪರೀಕ್ಷೆಗೆ ಸೇರಿದವರಲ್ಲಿ ರೋಗ ಹೆಚ್ಚು ಚುರುಕಾಗಿದ್ದಿರಬಹುದು, ಇನ್ನೊಂದರಲ್ಲಿ ಮಂದವಾಗಿದ್ದಿರಬಹುದು. ಯಾವುದನ್ನು ಮರುಕಳಿಕೆಯೆಂದು ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮವೂ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುವುದುಂಟು. ಡಿಫೈನ್ ಪರೀಕ್ಷೆಯವರು ಮುಖ್ಯವೆಂದು ಮೊದಲೇ ಗೊತ್ತುಮಾಡಿಕೊಂಡ ಅಳತೆ ಈ ದರವೇ ಅಲ್ಲ. ಎರಡು ವರ್ಷಗಳೊಳಗೆ ಒಮ್ಮೆಯಾದರೂ ಮರುಕಳಿಕೆ ಕಂಡವರು ನೂರಕ್ಕೆ ಎಷ್ಟು ಮಂದಿ ಎಂಬುದು. ಔಷಧದ ಗುಂಪಿನಲ್ಲಿ ಅವರು 27, ಹುಸಿಮಾತ್ರೆಯ ಗುಂಪಿನಲ್ಲಿ 46.

ಒಂದೇ ಮಾತ್ರೆ, ಹಲವು ಅಂಕಿಗಳು

ಔಷಧವನ್ನು ಬದಲಿಸದೆ ಪರೀಕ್ಷೆಯನ್ನು ಮಾತ್ರ ಬದಲಿಸಿದರೆ ಏನಾಗುವುದೆಂಬುದನ್ನು ಟೆರಿಫ್ಲೂನೊಮೈಡಿನ ಚರಿತ್ರೆ ಚೆನ್ನಾಗಿ ತೋರಿಸಿಕೊಡುತ್ತದೆ. 2011ರ ಟೆಮ್ಸೊದಲ್ಲಿ ಅದರ ದರ 0.37. 2020ರಲ್ಲಿ ಒಫಾಟುಮುಮಾಬ್ ಎಂಬ ಸೂಜಿಮದ್ದಿನೊಡನೆ ಅದನ್ನು ಹೋಲಿಸಿದ ಎರಡು ಪರೀಕ್ಷೆಗಳಲ್ಲಿ 0.22 ಮತ್ತು 0.25. ಎವೊಬ್ರುಟಿನಿಬ್, ಟೋಲೆಬ್ರುಟಿನಿಬ್ ಎಂಬ ಹೊಸ ಮಾತ್ರೆಗಳೊಡನೆ ಹೋಲಿಸಿದ ನಾಲ್ಕು ಪರೀಕ್ಷೆಗಳ ಫಲ 2023ರಿಂದ 2025ರೊಳಗೆ ಹೊರಬಿದ್ದಿತು. ಅವುಗಳಲ್ಲಿ ಟೆರಿಫ್ಲೂನೊಮೈಡಿನ ದರ 0.11ರಿಂದ 0.14ರೊಳಗೆ.

ಅದೇ ಔಷಧ, ಅದೇ 14 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಆದರೂ ಹನ್ನೆರಡು ಹದಿಮೂರು ವರ್ಷಗಳಲ್ಲಿ ದರ ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಮಾತ್ರೆ ಕಾಲಕ್ರಮದಲ್ಲಿ ಬಲಿತಿತೆಂದು ಹೇಳಲಾಗದು. ಬದಲಾದುದು ರೋಗಿಗಳ ಸಮೂಹ. ಎಂ.ಆರ್.ಐ. ಯಂತ್ರದ ನೆರವಿನಿಂದ ಮತ್ತು ರೋಗನಿರ್ಣಯದ ನಿಯಮಗಳನ್ನು 2001ರಿಂದೀಚೆಗೆ ಮೇಲಿಂದ ಮೇಲೆ ಪರಿಷ್ಕರಿಸಿದುದರಿಂದ ಇಂದು ರೋಗವನ್ನು ಬಹಳ ಬೇಗನೆ, ಸೌಮ್ಯವಾಗಿರುವಾಗಲೇ ಗುರುತಿಸುತ್ತಾರೆ. ಚುರುಕಾದ ರೋಗವುಳ್ಳವರು ಪರೀಕ್ಷೆಗಾಗಿ ಕಾಯದೆ ಪ್ರಬಲವಾದ ಬೇರೆ ಔಷಧಗಳಿಗೆ ಹೋಗುತ್ತಾರೆ. ಪರೀಕ್ಷೆಗೆ ಬರುವವರು ಮೊದಲೇ ಕಡಮೆ ಮರುಕಳಿಕೆಯವರಾಗಿರುತ್ತಾರೆ.

ಇದರಿಂದ ಒಂದು ಅಪಾಯವುಂಟು. ಇಂದು ಹೊಸ ಔಷಧವೊಂದರ ದರ 0.11 ಎಂದು ಪ್ರಕಟವಾದರೆ, ಹಿಂದಿನ 0.37ರ ಪಕ್ಕದಲ್ಲಿಟ್ಟು ಅದನ್ನು ದೊಡ್ಡ ಜಯವೆಂದು ಸಾರಬಹುದು. ಎವೊಬ್ರುಟಿನಿಬ್ಬಿನ ಒಂದು ಪರೀಕ್ಷೆಯಲ್ಲಿ ದೊರೆತ ದರ ಸರಿಯಾಗಿ ಅಷ್ಟೇ, 0.11. ಆದರೆ ಅದೇ ಪರೀಕ್ಷೆಯಲ್ಲಿ ಪಕ್ಕದಲ್ಲಿಯೇ ನಿಂತಿದ್ದ ಟೆರಿಫ್ಲೂನೊಮೈಡಿನ ದರವೂ 0.11! ಹೊಸ ಮಾತ್ರೆ ಹಳೆಯದಕ್ಕಿಂತ ಮೇಲೆಂಬುದು ಸಿದ್ಧವಾಗಲಿಲ್ಲ. ಪಕ್ಕದ ಗುಂಪು ಇರದಿದ್ದರೆ ಸುಳ್ಳು ಜಯಕ್ಕೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು.

ಅನುಪಾತವೋ, ಅಂತರವೋ?

ಹುಸಿಮಾತ್ರೆಯ ದರ ಬೇರೆಬೇರೆಯಾದರೂ, ಅದಕ್ಕಿಂತ ಔಷಧ ಎಷ್ಟು ಪಾಲು ತಗ್ಗಿಸಿತೆಂದು ನೋಡಿದರೆ ಸಾಕಲ್ಲವೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಇದು ಒಳ್ಳೆಯ ಪ್ರಶ್ನೆ. ಲೆಕ್ಕಮಾಡಿ ನೋಡೋಣ.

ಕ್ಲಾರಿಟಿಯಲ್ಲಿ ದರ 0.33ರಿಂದ 0.14ಕ್ಕೆ ಇಳಿಯಿತು, ಇಳಿತ 0.19, ಅಂದರೆ 0.33ರಲ್ಲಿ ಸುಮಾರು ಶೇಕಡ 58. ಟೆಮ್ಸೊದಲ್ಲಿ 0.54ರಿಂದ 0.37ಕ್ಕೆ, ಇಳಿತ 0.17, ಅಂದರೆ 0.54ರಲ್ಲಿ ಸುಮಾರು ಶೇಕಡ 31. ನಾವು ಮೊದಲಲ್ಲಿ ಕಂಡ ಎರಡು ಅಂಕಿಗಳು ಇವೇ. ಈಗ ಶೇಕಡವನ್ನು ಮರೆತು ಇಳಿತಗಳನ್ನೇ ನೋಡಿರಿ: 0.19 ಮತ್ತು 0.17. ನೂರು ಮಂದಿ ಒಂದು ವರ್ಷ ಔಷಧ ಸೇವಿಸಿದರೆ ಒಂದರಿಂದ 19 ಮರುಕಳಿಕೆಗಳು ತಪ್ಪಿದುವು, ಮತ್ತೊಂದರಿಂದ 17. ಅನುಪಾತದ ಕನ್ನಡಿಯಲ್ಲಿ ಆನೆ ಆಡಿನಷ್ಟು ಅಂತರವಿದ್ದ ಔಷಧಗಳು ವ್ಯತ್ಯಾಸದ ಕನ್ನಡಿಯಲ್ಲಿ ಹೆಚ್ಚುಕಡಮೆ ಸಮನಾಗಿ ಕಾಣುವುವು!

ಎರಡು ಕನ್ನಡಿಗಳಲ್ಲಿ ಯಾವುದು ಸತ್ಯ? ಎರಡೂ ಸತ್ಯ, ಅವು ಉತ್ತರ ಕೊಡುವ ಪ್ರಶ್ನೆಗಳು ಬೇರೆ. ಔಷಧ ರೋಗದ ಎಷ್ಟು ಪಾಲನ್ನು ತಡೆಯಬಲ್ಲುದೆಂದು ಕೇಳುವವನಿಗೆ ಅನುಪಾತ ಬೇಕು. ಇಷ್ಟು ಜನ ಇಷ್ಟು ಕಾಲ ಸೇವಿಸಿದರೆ ಎಷ್ಟು ಸಂಕಟ ತಪ್ಪುವುದೆಂದು ಕೇಳುವವನಿಗೆ ಅಂತರ ಬೇಕು. ಮೂಲದಲ್ಲಿ ಮರುಕಳಿಕೆಯೇ ವಿರಳವಾಗಿರುವ ರೋಗಿಗೆ ಶೇಕಡ 58 ಇಳಿದರೂ ದೊರೆಯುವ ಲಾಭ ಸ್ವಲ್ಪವೇ. ಆದುದರಿಂದ ಶೇಕಡದ ಅಂಕಿಯೊಂದನ್ನೇ ಮುಂದಿಟ್ಟಾಗ, 'ಎಷ್ಟರಲ್ಲಿ ಶೇಕಡ?' ಎಂದು ಕೇಳುವುದನ್ನು ನಾವು ಅಭ್ಯಾಸಮಾಡಿಕೊಳ್ಳಬೇಕು.

ಬೇರೆಬೇರೆ ಪರೀಕ್ಷೆಗಳನ್ನು ಹುಸಿಮಾತ್ರೆಯೆಂಬ ಸಮಾನವಾದ ಕೊಂಡಿಯಿಂದ ಹೆಣೆದು, ಔಷಧಗಳನ್ನು ಪರೋಕ್ಷವಾಗಿ ಹೋಲಿಸುವ ಗಣಿತದ ವಿಧಾನಗಳೂ ಇವೆ. ಅವು ಉಪಯುಕ್ತವಾದುವು. ಆದರೆ ಔಷಧದ ಗುಣವನ್ನು ಮಾರ್ಪಡಿಸುವಂತಹ ಭೇದ ಆ ಪರೀಕ್ಷೆಗಳ ರೋಗಿಗಳಲ್ಲಿ ಇಲ್ಲವೆಂಬ ಭಾವನೆಯ ಮೇಲೆಯೇ ಅವೆಲ್ಲ ನಿಂತಿವೆ. ಅಡಿಪಾಯದ ಗಟ್ಟಿತನವನ್ನು ನೋಡದೆ ಮಹಡಿಯ ಎತ್ತರವನ್ನು ಹೊಗಳಬಾರದು.

ಎದುರುಬದುರಿನ ಪರೀಕ್ಷೆ

ನಿಸ್ಸಂದೇಹವಾದ ಹೋಲಿಕೆ ಬೇಕಾದರೆ ಎರಡು ಔಷಧಗಳನ್ನೂ ಒಂದೇ ಪರೀಕ್ಷೆಯೊಳಕ್ಕೆ ತರಬೇಕು. 2010ರ 'ಟ್ರಾನ್ಸ್‌ಫಾರ್ಮ್ಸ್' ಪರೀಕ್ಷೆಯಲ್ಲಿ ಫಿಂಗೊಲಿಮಾಡನ್ನು ವಾರಕ್ಕೊಮ್ಮೆ ಚುಚ್ಚುವ ಇಂಟರ್‌ಫೆರಾನಿನೊಡನೆ ಹೋಲಿಸಿದರು. ಒಂದು ಮಾತ್ರೆ, ಒಂದು ಸೂಜಿ. ಗುಟ್ಟನ್ನು ಕಾಪಾಡುವುದು ಹೇಗೆ? ಪ್ರತಿಯೊಬ್ಬ ರೋಗಿಗೂ ಮಾತ್ರೆಯನ್ನೂ ಕೊಟ್ಟರು, ಸೂಜಿಯನ್ನೂ ಚುಚ್ಚಿದರು. ಎರಡರಲ್ಲಿ ಒಂದು ಮಾತ್ರ ನಿಜವಾದುದು. ಒಂದು ವರ್ಷದ ಕೊನೆಗೆ ಫಿಂಗೊಲಿಮಾಡಿನ 0.5 ಮಿಲಿಗ್ರಾಂ ಗುಂಪಿನ ದರ 0.16, ಇಂಟರ್‌ಫೆರಾನಿನದು 0.33. ಮಾತ್ರೆ ಗೆದ್ದಿತೆಂದು ಇಲ್ಲಿ ಧೈರ್ಯವಾಗಿ ಹೇಳಬಹುದು.

ಮಾತ್ರೆಗೂ ಮಾತ್ರೆಗೂ ನಡೆದ ಸ್ಪರ್ಧೆಗೆ 'ಆಪ್ಟಿಮಮ್' ಒಳ್ಳೆಯ ಉದಾಹರಣೆ. ಫಿಂಗೊಲಿಮಾಡಿನ ಬಳಗಕ್ಕೇ ಸೇರಿದ ಪೊನೆಸಿಮಾಡ್ ಎಂಬ ಹೊಸ ಮಾತ್ರೆಯನ್ನು 1133 ರೋಗಿಗಳಲ್ಲಿ 108 ವಾರಗಳ ಕಾಲ ಟೆರಿಫ್ಲೂನೊಮೈಡಿನೊಡನೆ ಹೋಲಿಸಿ 2021ರಲ್ಲಿ ಫಲವನ್ನು ಪ್ರಕಟಿಸಿದರು. ಪೊನೆಸಿಮಾಡಿನ ದರ 0.20, ಟೆರಿಫ್ಲೂನೊಮೈಡಿನದು 0.29. ಮರುಕಳಿಕೆಯ ಮಟ್ಟಿಗೆ ಹೊಸದು ಮೇಲಾಯಿತು. ಊನದ ಹೆಚ್ಚಳದಲ್ಲಿಯಾದರೋ ಎರಡು ಗುಂಪುಗಳ ನಡುವೆ ಸಂಶಯಾತೀತವಾದ ವ್ಯತ್ಯಾಸ ಕಂಡುಬರಲಿಲ್ಲ. ಟ್ರಾನ್ಸ್‌ಫಾರ್ಮ್ಸ್‌ನಲ್ಲಿಯೂ ಹಾಗೆಯೇ ಆಗಿತ್ತು.

ಇದು ಗಮನಿಸಬೇಕಾದ ವಿಷಯ. ರೋಗಿಯ ನಿಜವಾದ ಚಿಂತೆ, 'ಇಪ್ಪತ್ತು ವರ್ಷಗಳ ಮೇಲೆ ನಾನು ನಡೆಯಬಲ್ಲೆನೆ?' ಎಂಬುದು. ಪರೀಕ್ಷೆ ನಡೆಯುವುದು ಒಂದೆರಡು ವರ್ಷ. ಮರುಕಳಿಕೆ ಬೇಗ ಎಣಿಕೆಗೆ ಸಿಕ್ಕುವುದರಿಂದ ಅದನ್ನು ಎಣಿಸುತ್ತಾರೆ; ಊನ ನಿಧಾನವಾಗಿ ಕೂಡುವುದರಿಂದ ಅದನ್ನು ಅಷ್ಟು ಅಲ್ಪಕಾಲದಲ್ಲಿ ಅಳೆಯುವುದು ಕಷ್ಟ. ಇವೆರಡೂ ಜೊತೆಜೊತೆಯಾಗಿಯೇ ನಡೆಯಬೇಕೆಂಬ ನಿಯಮವೂ ಇಲ್ಲ. ಟೋಲೆಬ್ರುಟಿನಿಬ್ ಮರುಕಳಿಕೆಯ ದರದಲ್ಲಿ ಟೆರಿಫ್ಲೂನೊಮೈಡನ್ನು ಮೀರಿಸಲಿಲ್ಲ. ಆದರೆ ಆರು ತಿಂಗಳ ಕಾಲ ನೆಲೆನಿಂತ ಊನ ಅದರ ಗುಂಪಿನಲ್ಲಿ ನೂರಕ್ಕೆ 8.3 ಮಂದಿಗೆ, ಟೆರಿಫ್ಲೂನೊಮೈಡಿನ ಗುಂಪಿನಲ್ಲಿ 11.3 ಮಂದಿಗೆ ಕಾಣಿಸಿತು. ಮುಖ್ಯ ಪ್ರಶ್ನೆಯಲ್ಲಿ ಸೋತ ಪರೀಕ್ಷೆಯಲ್ಲಿ ಬೇರೊಂದು ಪ್ರಶ್ನೆಗೆ ದೊರೆತ ಉತ್ತರವಾದುದರಿಂದ ಇದನ್ನು ಕೊನೆಯ ತೀರ್ಪೆಂದು ಭಾವಿಸದೆ ಒಂದು ಸೂಚನೆಯೆಂದು ಎಣಿಸುವುದೇ ವಿಹಿತ.

ತಕ್ಕಡಿಯ ಇನ್ನೊಂದು ತಟ್ಟೆ

ಇದುವರೆಗೆ ನಾವು ಲಾಭದ ತಟ್ಟೆಯನ್ನು ಮಾತ್ರ ನೋಡಿದೆವು. ಅಪಾಯದ ತಟ್ಟೆಯನ್ನು ತೂಗುವುದು ಇನ್ನೂ ಕಷ್ಟ. ಏಕೆಂದರೆ ದೊಡ್ಡ ಅಪಾಯಗಳು ವಿರಳವಾಗಿರುವುವು. ಟ್ರಾನ್ಸ್‌ಫಾರ್ಮ್ಸ್‌ನಲ್ಲಿ ಫಿಂಗೊಲಿಮಾಡನ್ನು 1.25 ಮಿಲಿಗ್ರಾಮಿನಂತೆ ಸೇವಿಸಿದವರ ಪೈಕಿ ಇಬ್ಬರು ಹರ್ಪಿಸ್ ಬಳಗದ ವೈರಸ್ಸುಗಳ ಸೋಂಕಿನಿಂದ ಮರಣಹೊಂದಿದರು. ಮುಂದೆ ಬಳಕೆಗೆ ಬಂದುದು 0.5 ಮಿಲಿಗ್ರಾಂ ಪ್ರಮಾಣ. ಟೆರಿಫ್ಲೂನೊಮೈಡನ್ನು ಗರ್ಭಿಣಿಯರಿಗೆ ಕೊಡಕೂಡದು. ರೋಗ ಹೆಚ್ಚಾಗಿ ತರುಣಿಯರಲ್ಲಿ ಕಾಣುವುದರಿಂದ ಇದು ಸಣ್ಣ ಮಾತಲ್ಲ.

ಡೈಮೀಥೈಲ್ ಫ್ಯೂಮರೇಟಿನ ಕಥೆ ಬೇರೊಂದು ಪಾಠವನ್ನು ಹೇಳುತ್ತದೆ. ಅದು 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಲಿಂಫೋಸೈಟುಗಳು ಬಹುಕಾಲ ತೀರ ಕಡಮೆಯಾಗಿದ್ದ ರೋಗಿಯೊಬ್ಬರಲ್ಲಿ ಜೆ.ಸಿ. ವೈರಸ್ಸಿನಿಂದ ಬರುವ ಮಾರಕವಾದ ಮಿದುಳಿನ ಸೋಂಕು 2014ರಲ್ಲಿ ವರದಿಯಾಯಿತು. ಮೊದಲಿನ ಎರಡು ವರ್ಷಗಳ ಪರೀಕ್ಷೆಗಳಲ್ಲಿ ಇದೇಕೆ ಕಾಣಿಸಲಿಲ್ಲ? ಒಂದು ಸರಳವಾದ ಲೆಕ್ಕ ಇದಕ್ಕೆ ಉತ್ತರ ಕೊಡುವುದು. ಒಂದು ಅಪಾಯದ ಸಂಭವ ಪ್ರತಿಯೊಬ್ಬನಿಗೆ p ಇದ್ದರೆ, n ಮಂದಿಯಲ್ಲಿ ಒಬ್ಬನಿಗೂ ಅದು ಬಾರದಿರುವ ಸಂಭವ (1-p)ಯ n ಘಾತ. ಇದು 0.05ಕ್ಕೆ ಸಮನಾಗುವುದು p ಬೆಲೆ ಸುಮಾರು 3/n ಆದಾಗ. ಎಂದರೆ, ಸಾವಿರ ಮಂದಿಯಲ್ಲಿ ಒಬ್ಬನಿಗೂ ಕೇಡಾಗದಿದ್ದರೂ, ಸಾವಿರಕ್ಕೆ ಮೂವರಿಗೆ ಅದು ಬರುವಷ್ಟು ಸಂಭವವನ್ನು ನಾವು ತಳ್ಳಿಹಾಕುವಂತಿಲ್ಲ. 'ಕಾಣಲಿಲ್ಲ' ಎಂಬುದು 'ಇಲ್ಲ' ಎಂಬುದಕ್ಕೆ ಸಮನಲ್ಲ.

ಕ್ಲಾಡ್ರಿಬೀನಿನ ಕಥೆ ಇದಕ್ಕೆ ವಿರುದ್ಧವಾದುದು. ಕ್ಲಾರಿಟಿಯಲ್ಲಿ ಔಷಧ ಸೇವಿಸಿದವರಲ್ಲಿ ಕೆಲವರಿಗೆ ಕ್ಯಾನ್ಸರ್ ಕಂಡುಬಂದಿತು. ಹುಸಿಮಾತ್ರೆಯವರಲ್ಲಿ ಒಬ್ಬರಿಗೂ ಇಲ್ಲ. ಯೂರೋಪಿನ ಔಷಧ ನಿಯಂತ್ರಣ ಸಮಿತಿಯವರು 2010ರಲ್ಲಿ ಒಪ್ಪಿಗೆಯನ್ನು ನಿರಾಕರಿಸಿದರು. ಈ ರೋಗದ ಬೇರೆ ಔಷಧಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕವೊಂದರಲ್ಲಿ, ಕ್ಲಾಡ್ರಿಬೀನಿನ ಗುಂಪಿನ ಕ್ಯಾನ್ಸರ್ ದರ ಇತರ ಪರೀಕ್ಷೆಗಳ ದರಕ್ಕಿಂತ ಹೆಚ್ಚಾಗಿರಲಿಲ್ಲವೆಂದೂ, ಹುಸಿಮಾತ್ರೆಯ ಗುಂಪಿನಲ್ಲಿ ಅದು ಅಸಾಧಾರಣವಾಗಿ ಕಡಮೆಯಾಗಿತ್ತೆಂದೂ ತಿಳಿದುಬಂದಿತು. ಹೆಚ್ಚಿನ ವರ್ಷಗಳ ಮಾಹಿತಿ ಸೇರಿದ ಮೇಲೆ ಯೂರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ದೊರೆಯಿತು. ಅಮೆರಿಕದಲ್ಲಿ ಕ್ಯಾನ್ಸರಿನ ಎಚ್ಚರಿಕೆಯನ್ನು ಮಾತ್ರ ಬಿಡಲಿಲ್ಲ. ಲಾಭದ ಲೆಕ್ಕದಲ್ಲಿ ಹೇಗೋ ಹಾಗೆಯೇ ಕೇಡಿನ ಲೆಕ್ಕದಲ್ಲಿಯೂ ಪಕ್ಕದ ಗುಂಪು ಆಕಸ್ಮಿಕವಾಗಿ ಓರೆಯಾದರೆ ತಕ್ಕಡಿಯೇ ಓರೆಯಾಗುವುದು. ಆ ಕೆಲವು ವರ್ಷಗಳ ವಿಳಂಬ ವಿಜ್ಞಾನದ ಸೋಲಲ್ಲ. ಸಂದೇಹ ಬಂದಾಗ ತಾಳಿ ಮತ್ತೆ ಎಣಿಸುವುದು ಅದರ ಧರ್ಮ.

ಉಪಸಂಹಾರ

ಹಾಗಾದರೆ ಯಾವ ಮಾತ್ರೆ ಮೇಲು? ಈ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲವೆಂಬುದು ವಾಚಕರಿಗೆ ಈಗ ಮನದಟ್ಟಾಗಿರಬೇಕು. ಯಾರಿಗೆ, ಯಾವುದಕ್ಕೆ ಹೋಲಿಸಿದರೆ, ಯಾವ ಅಳತೆಯಲ್ಲಿ, ಎಷ್ಟು ಕಾಲಕ್ಕೆ, ಯಾವ ಅಪಾಯದೊಡನೆ ಎಂಬ ಐದು ಪ್ರಶ್ನೆಗಳನ್ನು ಜೊತೆಗೆ ಕೇಳಿದಾಗ ಮಾತ್ರ ಅದಕ್ಕೆ ಅರ್ಥ ಬರುವುದು. ರೋಗ ಚುರುಕಾಗಿರುವವನಿಗೆ ಒಂದು ಮಾತ್ರೆ ಉಚಿತವಾದರೆ, ಮಗುವನ್ನು ಬಯಸುವ ತರುಣಿಗೆ ಮತ್ತೊಂದು ದಾರಿ ಉಚಿತವಾಗಬಹುದು. ಆರಿಸುವ ಕೆಲಸ ರೋಗಿಯದು ಮತ್ತು ವೈದ್ಯರದು. ಅವರ ಕೈಗೆ ಓರೆಯಿಲ್ಲದ ತಕ್ಕಡಿಯನ್ನು ಕೊಡುವುದು ವಿಜ್ಞಾನದ ಕೆಲಸ.

ಪತ್ರಿಕೆಗಳಲ್ಲಿ ಹೊಸ ಔಷಧದ ಸುದ್ದಿಯನ್ನು ಓದುವಾಗ ನಮ್ಮ ಎರಡು ಹೊಲಗಳ ರಾಗಿಯನ್ನು ನೆನಪಿಗೆ ತಂದುಕೊಳ್ಳಿರಿ. ಬೆಳೆಯ ಮೂಟೆಗಳನ್ನು ಎಣಿಸುವುದಕ್ಕೆ ಮೊದಲು ಹೊಲ ಒಂದೆಯೋ ಎರಡೋ ಎಂದು ಕೇಳಿರಿ.

ಅಭ್ಯಾಸ

2012ರಲ್ಲಿ ಪ್ರಕಟವಾದ 'ಕನ್‌ಫರ್ಮ್' ಪರೀಕ್ಷೆಯಲ್ಲಿ ಹುಸಿಮಾತ್ರೆಯ ವಾರ್ಷಿಕ ದರ 0.40, ದಿನಕ್ಕೆರಡು ಬಾರಿ ಸೇವಿಸಿದ ಡೈಮೀಥೈಲ್ ಫ್ಯೂಮರೇಟಿನ ದರ 0.22. ಇಳಿತ ಎಷ್ಟು? ಅದು ಶೇಕಡ ಎಷ್ಟು? ಒಂದು ಮರುಕಳಿಕೆಯನ್ನು ತಪ್ಪಿಸಲು ಎಷ್ಟು ಮಂದಿ ಒಂದು ವರ್ಷ ಔಷಧ ಸೇವಿಸಬೇಕು? ಇದೇ ಔಷಧಕ್ಕೆ ಡಿಫೈನ್ ಪರೀಕ್ಷೆಯ ಅಂಕಿಗಳಿಂದಲೂ ಲೆಕ್ಕಮಾಡಿ, ಎರಡನ್ನೂ ಹೋಲಿಸಿ ನೋಡಿರಿ.

(ಉತ್ತರ: ಕನ್‌ಫರ್ಮ್‌ನಲ್ಲಿ ಇಳಿತ 0.18, ಶೇಕಡ 45, ಐದೂವರೆ ಮಂದಿ. ಡಿಫೈನ್‌ನಲ್ಲಿ ಇಳಿತ 0.19, ಶೇಕಡ 53, ಐದಕ್ಕಿಂತ ಸ್ವಲ್ಪ ಹೆಚ್ಚು ಮಂದಿ.)